ಹುಟ್ಟಿದಾಗಿನಿಂದ ಒಂದೇ ಪಕ್ಷಕ್ಕೆ ಓಟು: ಇದು ನಿಷ್ಠೆಯಾ, ಬರೀ ಅಭ್ಯಾಸವಾ?

ಬಯಲುಸೀಮೆಯವನು

ನಮ್ಮ ಅಪ್ಪ 1967ರಿಂದ ಒಂದೇ ಪಕ್ಷಕ್ಕೆ ಓಟು ಹಾಕುತ್ತಾ ಬಂದಿದ್ದಾರೆ. ನಡುವೆ ಎರಡು ಸಲ ಚಿಹ್ನೆ ಬದಲಾಯಿತು. ಹೆಸರೂ ಸ್ವಲ್ಪ ಆಚೀಚೆ ಆಯಿತು. ಆದರೆ ಅಪ್ಪನ ಲೆಕ್ಕದಲ್ಲಿ ಪಕ್ಷ ಒಂದೇ. ಯಾವ ಪಕ್ಷ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಆ ಪಕ್ಷದ ಮೇಲೇ ಹೋಗುತ್ತದೆ, ನನ್ನ ಪ್ರಶ್ನೆ ಅಲ್ಲೇ ಉಳಿಯುತ್ತದೆ.

2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶ ಕೊಟ್ಟರಲ್ಲ, ಅಪ್ಪ 12ಡಿ ಫಾರಂ ತುಂಬಿದ್ದರು. ಮತದಾನಕ್ಕೆ ಕೆಲವು ದಿನ ಮುಂಚೆ ಸಿಬ್ಬಂದಿ ಮನೆಗೆ ಬಂದರು. ನಡುಮನೆಯಲ್ಲಿ ಅಡ್ಡ ಪರದೆ ಇಟ್ಟು ಅಪ್ಪನಿಗೆ ಮತಪತ್ರ ಕೊಟ್ಟರು. ನಾವೆಲ್ಲ ಹೊರಗೆ ಜಗಲಿಯಲ್ಲಿ ಕೂತಿದ್ದೆವು. ಅಪ್ಪ ಯಾವತ್ತೂ ಬೂತ್ ಒಳಗೆ ಹೋದರೆ ಅರ್ಧ ನಿಮಿಷದಲ್ಲಿ ಹೊರಗೆ ಬರುವವರು. ಅವತ್ತು ಬಹಳ ಹೊತ್ತು ಆಯಿತು.

ಕಾರಣ ನನಗೆ ಗೊತ್ತಿತ್ತು. ಆ ಸಲ ಅಪ್ಪನ ಪಕ್ಷದ ಟಿಕೆಟ್ ಸಿಕ್ಕಿದ್ದು, ಅಪ್ಪ 20 ವರ್ಷ ಯಾರ ವಿರುದ್ಧ ಊರೂರು ಸುತ್ತಿ ಪ್ರಚಾರ ಮಾಡಿದ್ದರೋ ಅದೇ ಮನುಷ್ಯನಿಗೆ. ಚುನಾವಣೆ ಹತ್ತಿರ ಬಂದಾಗ ಪಕ್ಷ ಬದಲಿಸಿ ಬಂದಿದ್ದರು. ನಮ್ಮ ಚಿಕ್ಕಪ್ಪ ಆ ಮನುಷ್ಯನ ಕಡೆಯವರು. ಆ ಕಾರಣಕ್ಕೇ ಅಪ್ಪನಿಗೂ ಚಿಕ್ಕಪ್ಪನಿಗೂ 11 ವರ್ಷದಿಂದ ಮಾತಿಲ್ಲ. ಅಜ್ಜಿಯ ತಿಥಿಗೂ ಬೇರೆ ಬೇರೆ ಹೊತ್ತಿಗೆ ಬಂದು ಹೋದರು.

ಅಪ್ಪ ಕೊನೆಗೆ ಪಕ್ಷಕ್ಕೇ ಹಾಕಿದರು. ಅವರೇ ಆಮೇಲೆ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಸಂತೋಷ ಇರಲಿಲ್ಲ.

ಅದಾದ ಮೇಲೆ ನನಗೆ ಕೊರೆಯುತ್ತಾ ಇದೆ. ಇಷ್ಟು ವರ್ಷದ ನಿಷ್ಠೆ ಯಾರಿಗೆ ಸಲ್ಲುತ್ತದೆ? ಪಕ್ಷ ಅಂದರೆ ಹೆಸರಾ, ಚಿಹ್ನೆಯಾ, ಮನುಷ್ಯರಾ, ವಿಚಾರವಾ? ದಯವಿಟ್ಟು ಮನಸ್ಸಿನಿಂದ ಬರೆಯಿರಿ. ಯಾವ ಪಕ್ಷ ಒಳ್ಳೆಯದು ಅನ್ನುವ ಜಗಳ ಇಲ್ಲಿ ಬೇಡ.

ಸೊರಬದ ಓದುಗ

ನಮ್ಮ ಕಡೆ ಕಥೆ ಉಲ್ಟಾ. ಸೊರಬದಲ್ಲಿ ಜನ ಪಕ್ಷ ನೋಡಲಿಲ್ಲ, ಮನುಷ್ಯನನ್ನು ನೋಡಿದರು. ಬಂಗಾರಪ್ಪನವರು 1967ರಿಂದ 1994ರವರೆಗೆ ಇಲ್ಲಿಂದ ಏಳು ಸಲ ಗೆದ್ದರು. ಮೊದಲು ಸಮಾಜವಾದಿ, ಆಮೇಲೆ ಕಾಂಗ್ರೆಸ್, ಕ್ರಾಂತಿರಂಗ, ಮತ್ತೆ ಕಾಂಗ್ರೆಸ್, ಆಮೇಲೆ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷ (ಕೆಸಿಪಿ). ಅವರು ಯಾವ ಬಾವುಟ ಹಿಡಿದರೂ ಊರು ಹಿಂದೆ ಹೋಯಿತು. ಲೋಕಸಭೆಗೂ ಹಾಗೇ. ಶಿವಮೊಗ್ಗದಿಂದ 1996ರಲ್ಲಿ ಕೆಸಿಪಿ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷ. ನಾಲ್ಕು ಗೆಲುವು, ನಾಲ್ಕು ಪಕ್ಷ. 

ನಮ್ಮ ತಾತನನ್ನು ಕೇಳಿದರೆ 'ನಾನು ಬದಲಾಗೇ ಇಲ್ಲ' ಅನ್ನುತ್ತಿದ್ದರು. ಅವರ ಪ್ರಕಾರ ಅವರೂ ನಿಮ್ಮ ಅಪ್ಪನಷ್ಟೇ ನಿಷ್ಠಾವಂತರು. ಯಾಕೆ ಅಂದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಪುಕ್ಕಟೆ ಕರೆಂಟು ಕೊಟ್ಟದ್ದು ಬಂಗಾರಪ್ಪನವರ ಸರ್ಕಾರ ಅನ್ನುವುದು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಅದನ್ನು ಕೊಟ್ಟದ್ದು ಪಕ್ಷ ಅಂತ ಅವರಿಗೆ ಯಾವತ್ತೂ ಅನಿಸಲೇ ಇಲ್ಲ.

ಈಗ ಆ ನಿಷ್ಠೆ ಬಂಗಾರಪ್ಪನವರ ಇಬ್ಬರು ಗಂಡುಮಕ್ಕಳ ನಡುವೆ ಎರಡು ಪಾಲಾಗಿದೆ. 2018ರಲ್ಲಿ ಬಿಜೆಪಿಯಿಂದ ಕುಮಾರ್, ಜೆಡಿಎಸ್‌ನಿಂದ ಮಧು. ಕುಮಾರ್ ಗೆದ್ದರು. 2023ರಲ್ಲಿ ಮಧು ಕಾಂಗ್ರೆಸ್‌ನಿಂದ ನಿಂತು ಅಣ್ಣನನ್ನು ಸೋಲಿಸಿದರು. ತಾತ ಇದ್ದಿದ್ದರೆ ಯಾರಿಗೆ ಹಾಕುತ್ತಿದ್ದರೋ. ನಿಜವಾಗಿ ಹೇಳುತ್ತೇನೆ, ಅದನ್ನು ಯೋಚಿಸಿದರೆ ನನಗೆ ಸಂಕಟ ಆಗುತ್ತದೆ.

ಗೇಣಿದಾರನ ಮೊಮ್ಮಗಳು

'ಬರೀ ಅಭ್ಯಾಸವಾ' ಅಂತ ಶೀರ್ಷಿಕೆಯಲ್ಲಿ ಕೇಳಿದ್ದೀರಿ. ಆ ಮಾತು ನನಗೆ ಸ್ವಲ್ಪ ನೋವು ಮಾಡಿತು. ಹಾಗಾಗಿ ನಮ್ಮ ಮನೆಯ ವಿಷಯ ಬರೆಯುತ್ತೇನೆ.

ನಮ್ಮ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಡೆಯರ ಕಣಕ್ಕೆ ಹೋಗುತ್ತಿತ್ತು. ಮಳೆ ಬಾರದ ವರ್ಷ ಗೇಣಿ ಬಾಕಿ ಉಳಿಯುತ್ತಿತ್ತು, ಆ ಬಾಕಿ ಮುಂದಿನ ವರ್ಷಕ್ಕೆ ಸೇರುತ್ತಿತ್ತು. 1974ರಲ್ಲಿ ದೇವರಾಜ ಅರಸು ಅವರ ಕಾಂಗ್ರೆಸ್ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಿತು. 'ಉಳುವವನೇ ಹೊಲದೊಡೆಯ' ಅನ್ನುವ ಮಾತು ನಮ್ಮ ಮನೆಯಲ್ಲಿ ಭಾಷಣವಲ್ಲ, ಪಹಣಿ. ಅಜ್ಜ 7ನೇ ನಂಬರ್ ಫಾರಂ ಹಾಕಿದರು. ಭೂ ನ್ಯಾಯ ಮಂಡಳಿಗೆ ಅಲೆದರು. ಒಡೆಯರ ಎದುರು ನಿಂತು 'ಈ ಗದ್ದೆ ಉತ್ತದ್ದು ನಾನು' ಅಂತ ಹೇಳಬೇಕಿತ್ತು. ಅಷ್ಟು ಹೇಳಲು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ.

ಆ ಗದ್ದೆಯಿಂದ ನಮ್ಮಪ್ಪ ಓದಿದರು. ಅದರಿಂದ ನಾನು ಓದಿದೆ. ಅಜ್ಜ ಸಾಯುವವರೆಗೂ ಒಂದೇ ಕಡೆ ಓಟು ಹಾಕಿದರು. ಇದನ್ನು ಕುರುಡು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅದು ಋಣ.

ಅಂಕಿಸಂಖ್ಯೆ

@ಗೇಣಿದಾರನ ಮೊಮ್ಮಗಳು, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೂ ಒಂದು ಕೇಳಬೇಕು ಅನಿಸುತ್ತದೆ. ಆ ಋಣ ಯಾರದು, ಅರಸು ಅವರದಾ, ಪಕ್ಷದ್ದಾ?

1979ರಲ್ಲಿ ಅರಸು ಅವರಿಗೂ ಇಂದಿರಾ ಗಾಂಧಿಯವರಿಗೂ ಮುರಿದುಬಿತ್ತು. ಅರಸು ಬೇರೆ ಆದರು. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್‌ಗೆ ಹೋದವು. ಉಳಿದ ಒಂದು, ಬೆಂಗಳೂರು ದಕ್ಷಿಣ, ಜನತಾ ಪಕ್ಷಕ್ಕೆ. ಅರಸು ಅವರ ಪಕ್ಷಕ್ಕೆ ಒಂದೂ ಇಲ್ಲ. ಭೂಮಿ ಕೊಡಿಸಿದ ಮುಖ್ಯಮಂತ್ರಿಯನ್ನು ಅದೇ ಭೂಮಿ ಪಡೆದ ಜನ ಕೈಬಿಟ್ಟರು ಅಂತ ಆಯಿತಲ್ಲ. 1982ರಲ್ಲಿ ಅವರು ತೀರಿಕೊಂಡರು.

ನಾನು ಯಾರನ್ನೂ ದೂರುತ್ತಿಲ್ಲ. ಋಣ ಅನ್ನುವುದು ನಾವು ಅಂದುಕೊಂಡ ವಿಳಾಸಕ್ಕೇ ತಲುಪುತ್ತದಾ ಅಂತ ನೋಡಬೇಕು, ಅಷ್ಟೇ.

ಗೇಣಿದಾರನ ಮೊಮ್ಮಗಳು

ಈ ಪ್ರಶ್ನೆಯನ್ನು ನಾನೇ ಒಮ್ಮೆ ಅಜ್ಜನಿಗೆ ಕೇಳಿದ್ದೆ. ಅವರು ಹೇಳಿದ್ದು: 'ಅರಸು ಒಳ್ಳೆಯವರೇ. ಆದರೆ ಅವರು ಹೋದ ಮೇಲೆ ಒಡೆಯರ ಕಡೆಯವರು ಗದ್ದೆ ವಾಪಸ್ ಕೇಳಿದರೆ ನಮ್ಮ ಹಿಂದೆ ನಿಲ್ಲುವವರು ಯಾರು? ಒಬ್ಬ ಮನುಷ್ಯ ಸಾಯುತ್ತಾನೆ. ಪಕ್ಷ ಇರುತ್ತದೆ.'

ನಮ್ಮಂಥವರಿಗೆ ಪಕ್ಷ ಅಂದರೆ ಬೆನ್ನಿಗೆ ಒಂದು ಗೋಡೆ. ಅದು ಬೇಕು ಅನಿಸುವುದು ತಪ್ಪಾ? ಆಸ್ತಿ ಇದ್ದವರಿಗೆ, ಊರಲ್ಲಿ ಹೆಸರು ಇದ್ದವರಿಗೆ ಪ್ರತಿ ಸಲ ಹೊಸದಾಗಿ ಯೋಚಿಸುವ ಅನುಕೂಲ ಇರುತ್ತದೆ. ಯಾರು ಗೆದ್ದರೂ ಅವರ ಕೆಲಸ ನಡೆಯುತ್ತದೆ. ನಮಗೆ ಹಾಗಿರಲಿಲ್ಲ.

ಬಯಲುಸೀಮೆಯವನು

ಅಕ್ಕ, ಶೀರ್ಷಿಕೆಯಿಂದ ಬೇಸರವಾಗಿದ್ದರೆ ಕ್ಷಮಿಸಿ. ನಿಮ್ಮ ಅಜ್ಜನ ಮಾತನ್ನು ನಾನು ಬರೆದು ಇಟ್ಟುಕೊಂಡೆ.

ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. 30 ವರ್ಷದಲ್ಲಿ ಎಷ್ಟೋ ಚುನಾವಣೆಗೆ ಬೂತ್ ಕೆಲಸಕ್ಕೆ ಹೋಗಿದ್ದೇನೆ. ಯಾರೂ ಮಾತಾಡದ ಒಂದು ವಿಷಯ ಹೇಳಬೇಕು.

ಮತಪತ್ರ ಇದ್ದ ಕಾಲದಲ್ಲಿ ಬೇರೆ ಬೇರೆ ಬೂತಿನ ಪತ್ರಗಳನ್ನು ಬೆರೆಸಿ ಎಣಿಸುವ ಕ್ರಮ ಇತ್ತು. ಹಾಗೆ ಬೆರೆಸಿದಾಗ ಯಾವ ಊರು ಯಾರಿಗೆ ಹಾಕಿತು ಅಂತ ನಿಖರವಾಗಿ ಗೊತ್ತಾಗುತ್ತಿರಲಿಲ್ಲ. ಮತಯಂತ್ರ ಬಂದ ಮೇಲೆ ಒಂದೊಂದು ಬೂತಿನ ಲೆಕ್ಕವೂ ಬೇರೆ ಬೇರೆ ಸಿಗುತ್ತದೆ. ಫಾರಂ 20ರಲ್ಲಿ ಎಲ್ಲ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಒಂದು ಬೂತು ಅಂದರೆ ಸಾವಿರ ಚಿಲ್ಲರೆ ಮತದಾರರು. ಹಳ್ಳಿಯಲ್ಲಿ ಅದು ಒಂದೆರಡು ಕೇರಿ. ಕೇರಿ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಾಗಿ ನಿಮ್ಮ ಓಟು ಗುಟ್ಟಾಗಿದ್ದರೂ ನಿಮ್ಮ ಬೀದಿಯ ಓಟು ಗುಟ್ಟಲ್ಲ. ಗೆದ್ದವರ ಮೇಜಿನ ಮೇಲೆ ಪಟ್ಟಿ ಇರುತ್ತದೆ. 'ಈ ಬೂತು ನಮ್ಮದು, ಈ ಬೂತು ಅವರದು.' ನಾನು ಕೆಲಸ ಮಾಡಿದ ಒಂದು ಊರಲ್ಲಿ ಒಂದು ಬೀದಿಗೆ ಸಿಮೆಂಟ್ ರಸ್ತೆ ಬಂತು, ಪಕ್ಕದ ಬೀದಿಗೆ ಬರಲಿಲ್ಲ. ಮಳೆಗಾಲದಲ್ಲಿ ಆ ಬೀದಿಯ ಮಕ್ಕಳು ಕಾಲೆಲ್ಲ ಕೆಸರು ಮಾಡಿಕೊಂಡು ಶಾಲೆಗೆ ಬರುತ್ತಿದ್ದರು. ಕಾರಣ ಎಲ್ಲರಿಗೂ ಗೊತ್ತಿತ್ತು.

ಹಲವು ಬೂತಿನ ಯಂತ್ರ ಜೋಡಿಸಿ ಒಟ್ಟಿಗೆ ಎಣಿಸುವ 'ಟೋಟಲೈಸರ್' ಅನ್ನುವ ಉಪಕರಣ ಇದೆ. ಅದನ್ನು ಬಳಸೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಸಲಹೆ ಕೊಟ್ಟಿತ್ತು. ಜಾರಿಗೆ ಬರಲಿಲ್ಲ. ಪಕ್ಷನಿಷ್ಠೆಯ ಬಗ್ಗೆ ಮಾತಾಡುವವರು ಇದನ್ನು ಮೊದಲು ಕೇಳಬೇಕು. ಬೂತಿನ ಲೆಕ್ಕ ಹೊರಗೆ ಬರುವವರೆಗೂ ನಿಷ್ಠೆಗೆ ಸ್ವಲ್ಪ ಹೆದರಿಕೆಯೂ ಬೆರೆತಿರುತ್ತದೆ. ಇಡೀ ಬೀದಿ ಒಂದೇ ಕಡೆ ಹಾಕಿದಾಗ ಅದು ಪ್ರೀತಿಯಾ, ಭಯವಾ ಅಂತ ನನಗೆ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಕಡಲತೀರ

ಮೇಷ್ಟ್ರೇ, ಇದು ನನಗೆ ಗೊತ್ತೇ ಇರಲಿಲ್ಲ. ಬೂತಿನ ಲೆಕ್ಕ ಪತ್ರಿಕೆಯಲ್ಲಿ ಬಂದಾಗ ಆಸಕ್ತಿಯಿಂದ ಓದುತ್ತಿದ್ದೆ. ಇನ್ನು ಹಾಗೆ ಓದಲಾರೆ.

ನಾನು ದಕ್ಷಿಣ ಕನ್ನಡದವನು, ಈಗ ದುಬೈಯಲ್ಲಿದ್ದೇನೆ. ನಮ್ಮ ಜಿಲ್ಲೆಯನ್ನು ಎಲ್ಲರೂ 'ಭದ್ರಕೋಟೆ' ಅನ್ನುತ್ತಾರೆ. ಈಗಿನ ಹುಡುಗರಿಗೆ ಅದು ಯಾವಾಗಲೂ ಬಿಜೆಪಿಯ ಕೋಟೆ. ನಮ್ಮ ತಂದೆಯ ಕಾಲಕ್ಕೆ ಅದೇ ಕೋಟೆ ಕಾಂಗ್ರೆಸ್‌ನದು. ಮಂಗಳೂರಿನಿಂದ ಜನಾರ್ದನ ಪೂಜಾರಿಯವರು 1977, 1980, 1984, 1989 ಹೀಗೆ ನಾಲ್ಕು ಸಲ ಗೆದ್ದರು. ಅವರ ಸಾಲ ಮೇಳದಿಂದ ಬ್ಯಾಂಕಿನ ಮೆಟ್ಟಿಲು ಹತ್ತಿದವರು ಎಷ್ಟೋ ಜನ. 1991ರಲ್ಲಿ ಧನಂಜಯ ಕುಮಾರ್ ಬಿಜೆಪಿಯಿಂದ ಗೆದ್ದರು. ಪೂಜಾರಿಯವರು ಮತ್ತೆ ಅಲ್ಲಿಂದ ಗೆಲ್ಲಲೇ ಇಲ್ಲ.

ವಿಧಾನಸಭೆಗೆ ಬಂದರೆ ಕೋಟೆಯ ಬಾಗಿಲು ಆಗಾಗ ತೆರೆಯುತ್ತದೆ. 2013ರಲ್ಲಿ ಜಿಲ್ಲೆಯ 8ರಲ್ಲಿ 7 ಕಾಂಗ್ರೆಸ್‌ಗೆ. 2018ರಲ್ಲಿ 8ರಲ್ಲಿ 7 ಬಿಜೆಪಿಗೆ. ಜನ ಅದೇ, ಮನೆ ಅದೇ. ಹಾಗಾದರೆ 'ನಮ್ಮ ಊರು ಹುಟ್ಟಾ ಇಂಥ ಪಕ್ಷದ್ದು' ಅನ್ನುವ ಮಾತು ಎಲ್ಲಿಂದ ಬರುತ್ತದೆ? ನನಗನಿಸುವುದು, ನಾವು ಹತ್ತು ವರ್ಷದ ಅಭ್ಯಾಸಕ್ಕೆ ನೂರು ವರ್ಷದ ಹೆಸರು ಕೊಟ್ಟುಕೊಳ್ಳುತ್ತೇವೆ.

ಹುಬ್ಬಳ್ಳಿಯಿಂದ

ಮನುಷ್ಯ ದೊಡ್ಡವನಾ, ಪಕ್ಷ ದೊಡ್ಡದಾ ಅನ್ನುವ ಪ್ರಶ್ನೆಗೆ ನಮ್ಮ ಭಾಗದಲ್ಲಿ 2023ರಲ್ಲಿ ಎರಡು ಉತ್ತರ ಸಿಕ್ಕವು. ಬೇರೆ ಬೇರೆ ಉತ್ತರ.

ಜಗದೀಶ ಶೆಟ್ಟರ್ ಮುಖ್ಯಮಂತ್ರಿ ಆಗಿದ್ದವರು. ಟಿಕೆಟ್ ಸಿಗಲಿಲ್ಲ ಅಂತ ಬಿಜೆಪಿ ಬಿಟ್ಟು ಕಾಂಗ್ರೆಸ್‌ನಿಂದ ನಿಂತರು. ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಜನ ಪಕ್ಷದ ಜೊತೆ ಉಳಿದರು, ಮಹೇಶ ಟೆಂಗಿನಕಾಯಿ ಗೆದ್ದರು. ಅದೇ ಚುನಾವಣೆ, ಅದೇ ರೀತಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ ಲಕ್ಷ್ಮಣ ಸವದಿ. ಅಥಣಿಯಲ್ಲಿ ಜನ ಸವದಿಯವರ ಜೊತೆ ಹೋದರು, ದೊಡ್ಡ ಅಂತರದಲ್ಲಿ ಗೆಲ್ಲಿಸಿದರು. ಆಮೇಲೆ ಶೆಟ್ಟರ್ 2024ರ ಜನವರಿಯಲ್ಲಿ ವಾಪಸ್ ಬಿಜೆಪಿಗೆ ಬಂದು ಬೆಳಗಾವಿಯಿಂದ ಸಂಸದರಾದರು.

ನನ್ನ ಗೆಳೆಯ ಒಬ್ಬ ಶೆಟ್ಟರ್ ಅವರ ಅಭಿಮಾನಿ. 2023ರಲ್ಲಿ ಅವರಿಗಾಗಿ ಜೀವನದಲ್ಲಿ ಮೊದಲ ಸಲ ಕೈಗೆ ಹಾಕಿದ. ಒಂದು ವಾರ ಊಟ ಸೇರಿರಲಿಲ್ಲ ಅವನಿಗೆ. ಎಂಟು ತಿಂಗಳಲ್ಲಿ ಅವರು ವಾಪಸ್ ಹೋದಾಗ ಅವನು ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: 'ನನ್ನನ್ನು ಒಂದು ಮಾತು ಕೇಳಬಹುದಿತ್ತು.'

ಮಸ್ಕಿ ಕಡೆಯವನು

ನಮ್ಮದು ಇನ್ನೂ ವಿಚಿತ್ರ. ಮಸ್ಕಿಯಲ್ಲಿ 2018ರಲ್ಲಿ ಕಾಂಗ್ರೆಸ್‌ನಿಂದ ಪ್ರತಾಪಗೌಡ ಪಾಟೀಲ, ಬಿಜೆಪಿಯಿಂದ ಬಸನಗೌಡ ತುರ್ವಿಹಾಳ. ಬರೀ 213 ಓಟಿನಿಂದ ಪ್ರತಾಪಗೌಡರು ಗೆದ್ದರು. 2019ರಲ್ಲಿ ಪಕ್ಷದ ವಿರುದ್ಧ ಹೋಗಿ ಅನರ್ಹರಾದ 17 ಶಾಸಕರಲ್ಲಿ ಅವರೂ ಒಬ್ಬರು. 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ಬಂತು. ಅಷ್ಟರಲ್ಲಿ ಇಬ್ಬರೂ ಪಕ್ಷ ಅದಲು ಬದಲು ಮಾಡಿಕೊಂಡಿದ್ದರು. ಪ್ರತಾಪಗೌಡರು ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್.

ಮೂರು ವರ್ಷ ಹಿಂದೆ ಒಬ್ಬರ ಪರ ಘೋಷಣೆ ಕೂಗಿದ ಹುಡುಗರೇ ಈಗ ಅವರ ಎದುರು ಕೂಗಬೇಕಿತ್ತು. ತುರ್ವಿಹಾಳರು 30 ಸಾವಿರಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರು. 2023ರಲ್ಲೂ ಗೆದ್ದರು. ಹೊರಗಿನವರು 'ಮಸ್ಕಿ ಜನ ಕಾಂಗ್ರೆಸ್‌ಗೆ ನಿಷ್ಠೆ ತೋರಿಸಿದರು' ಅಂದರು. ನನಗೆ ಹಾಗೆ ಅನಿಸಲಿಲ್ಲ. ನಮ್ಮನ್ನು ಕೇಳದೆ ನಮ್ಮ ಓಟು ತೆಗೆದುಕೊಂಡು ಹೋದರಲ್ಲ ಅನ್ನುವ ಸಿಟ್ಟು ಅದು. ನಮ್ಮ ಓಣಿಯಲ್ಲಿ ಎರಡೂ ಕಡೆಯವರಿಗೂ ಆ ಸಿಟ್ಟು ಇತ್ತು.

ಅಂಕಿಸಂಖ್ಯೆ

ಮಸ್ಕಿಯಲ್ಲಿ ಹಾಗಾಯಿತು. ಉಳಿದ ಕಡೆ ಹಾಗಾಗಲಿಲ್ಲ ಅನ್ನುವುದೂ ನೆನಪಿರಲಿ. 2019ರ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅನರ್ಹರಾದ ಶಾಸಕರಲ್ಲಿ 13 ಜನ ಬಿಜೆಪಿಯಿಂದ ನಿಂತರು. 11 ಜನ ಗೆದ್ದರು. ಒಂದೂವರೆ ವರ್ಷದ ಹಿಂದೆ ಬೇರೆ ಚಿಹ್ನೆಯಲ್ಲಿ ಗೆಲ್ಲಿಸಿದ ಜನರೇ ಮತ್ತೆ ಗೆಲ್ಲಿಸಿದರು. ಪಕ್ಷಾಂತರ ಮಾಡಿದರೆ ಜನ ಶಿಕ್ಷೆ ಕೊಡುತ್ತಾರೆ ಅನ್ನುವುದು ನಮ್ಮ ಆಸೆ. ಅಂಕಿ ಅಷ್ಟು ಸುಲಭವಾಗಿ ಹಾಗೆ ಹೇಳುವುದಿಲ್ಲ.

ಇನ್ನೊಂದು ಅಂಕಿ ನನಗೆ ಬಹಳ ಮುಖ್ಯ ಅನಿಸುತ್ತದೆ. 2018ರಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಸುಮಾರು ಶೇ 36 ಮತ, 104 ಸ್ಥಾನ. 2023ರಲ್ಲೂ ಸುಮಾರು ಶೇ 36 ಮತ. ಸ್ಥಾನ ಮಾತ್ರ 66. ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು. ಕಾಂಗ್ರೆಸ್ ಶೇ 38ರಿಂದ ಸುಮಾರು 43ಕ್ಕೆ ಏರಿ 135 ಸ್ಥಾನ ಪಡೆಯಿತು. ಅಂದರೆ ನೂರರಲ್ಲಿ ಐದು ಜನ ಆ ಕಡೆಯಿಂದ ಈ ಕಡೆ ಬಂದದ್ದಕ್ಕೆ ಸರ್ಕಾರವೇ ಬದಲಾಯಿತು. ನಿಷ್ಠಾವಂತರು ಅಲ್ಲಾಡಲಿಲ್ಲ. ಅಲ್ಲಾಡಿದವರು ತೀರ್ಮಾನ ಮಾಡಿದರು.

ನನ್ನ ವಾದ ಇಷ್ಟೇ. ಯಾವತ್ತೂ ಬದಲಾಗದ ಓಟನ್ನು ಪಕ್ಷ ಲೆಕ್ಕಕ್ಕೆ ಹಿಡಿಯುವುದಿಲ್ಲ. ತನ್ನ ಜನ ಹೇಗೂ ಹಾಕುತ್ತಾರೆ ಅಂತ ಸುಮ್ನಿರುತ್ತದೆ. ಎದುರಿನವರ ನಿಷ್ಠರು ಹೇಗೂ ಹಾಕುವುದಿಲ್ಲ ಅಂತ ಅವರನ್ನೂ ಬಿಡುತ್ತದೆ. ಭರವಸೆ, ಭೇಟಿ, ಕೈಮುಗಿಯುವುದು ಎಲ್ಲ ನಡುವಿನ ಆ ಐದು ಜನಕ್ಕೆ.

ಕಲಬುರಗಿ ಓದುಗ

@ಅಂಕಿಸಂಖ್ಯೆ, ಅದೇ ಶೇ 36 ಅಂದರೆ ಅದೇ ಜನ ಅಂತ ಹೇಗೆ ಹೇಳುತ್ತೀರಿ? ಬಿಜೆಪಿಗೆ ಹಳೆ ಮೈಸೂರು ಭಾಗದಲ್ಲಿ ಮತ ಏರಿತು, ಕಿತ್ತೂರು ಕರ್ನಾಟಕದಲ್ಲಿ, ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಇಳಿಯಿತು. ಎರಡೂ ಕೂಡಿಸಿದರೆ ಅಂಕಿ ಅಲ್ಲೇ ನಿಂತಂತೆ ಕಾಣುತ್ತದೆ. ಒಳಗೆ ಬಹಳ ಜನ ಆಚೀಚೆ ಓಡಾಡಿದ್ದಾರೆ. ನಿಷ್ಠಾವಂತರು ಅಂತ ನೀವು ಎಣಿಸಿದವರಲ್ಲಿ ಎಷ್ಟೋ ಜನ ಹೊಸಬರು.

ಖರ್ಗೆಯವರನ್ನೇ ನೋಡಿ. ಗುರುಮಠಕಲ್‌ನಿಂದ ಎಂಟು ಸಲ, ಚಿತ್ತಾಪುರದಿಂದ ಒಮ್ಮೆ, ಕಲಬುರಗಿಯಿಂದ ಲೋಕಸಭೆಗೆ ಎರಡು ಸಲ ಗೆದ್ದವರು 2019ರಲ್ಲಿ ಸೋತರು. ಸೋಲಿಸಿದ ಉಮೇಶ ಜಾಧವ್ ಅದೇ ವರ್ಷ ಕಾಂಗ್ರೆಸ್ ಬಿಟ್ಟು ಬಂದವರು. ಯಾವತ್ತೂ ಅಲ್ಲಾಡುವುದಿಲ್ಲ ಅಂತ ಬರೆದುಕೊಡುವ ಊರು ಯಾವುದೂ ಇಲ್ಲ.

ಅಂಕಿಸಂಖ್ಯೆ

ನೀವು ಹೇಳಿದ್ದು ಸರಿ. ರಾಜ್ಯದ ಒಟ್ಟು ಅಂಕಿ ಹಿಡಿದು ನಾನು ಅವಸರ ಮಾಡಿದೆ. 'ನಿಷ್ಠಾವಂತರು ಅಲ್ಲಾಡಲಿಲ್ಲ' ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಬದಲಾಗದ ಓಟನ್ನು ಪಕ್ಷ ಕೇಳಲು ಬರುವುದಿಲ್ಲ ಅನ್ನುವ ಮಾತಿಗೆ ಮಾತ್ರ ಈಗಲೂ ಅಂಟಿಕೊಂಡಿದ್ದೇನೆ.

ಪೋಸ್ಟರ್ ಅಂಟಿಸಿದವನು

ನಾನು ಒಂದು ಪಕ್ಷದ ಕಾರ್ಯಕರ್ತ. 19 ವರ್ಷ ಆಯಿತು. ಹೆಸರು ಬೇಡ.

ನಮ್ಮನ್ನು ಎಲ್ಲರೂ 'ಕುರುಡು ಭಕ್ತರು', 'ಗುಲಾಮರು' ಅನ್ನುತ್ತಾರೆ. ಒಂದು ಸಲ ನಮ್ಮ ಕಡೆಯಿಂದಲೂ ನೋಡಿ. ರಾತ್ರಿ ಎರಡು ಗಂಟೆಗೆ ಮೈದಾ ಅಂಟು ಕಾಯಿಸಿ ಗೋಡೆಗೆ ಪೋಸ್ಟರ್ ಹಚ್ಚಿದ್ದೇವೆ. ಮತದಾರರ ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ ಯಾರ ಹೆಸರು ಬಿಟ್ಟುಹೋಗಿದೆ ಅಂತ ನೋಡಿದ್ದೇವೆ. ಬೇರೆ ಪಕ್ಷದವರ ಹೆಸರು ಬಿಟ್ಟುಹೋಗಿದ್ದರೂ ನಾನು ಫಾರಂ ತುಂಬಿಸಿ ಕೊಟ್ಟಿದ್ದೇನೆ. ಬೂತ್ ಏಜೆಂಟ್ ಆಗಿ ಬೆಳಿಗ್ಗೆ ಅಣಕು ಮತದಾನದಿಂದ ಹಿಡಿದು ಸಂಜೆ ಬೂತಿನಲ್ಲಿ ಬಿದ್ದ ಓಟಿನ ಲೆಕ್ಕದ 17ಸಿ ಫಾರಂ ಕೈಗೆ ಬರುವವರೆಗೆ ಜಾಗ ಬಿಟ್ಟು ಎದ್ದಿಲ್ಲ. ಇಷ್ಟನ್ನು ಕೂಲಿಗೆ ಮಾಡುವುದಿಲ್ಲ. ನಂಬಿ ಮಾಡುತ್ತೇವೆ. ಈ ನಂಬಿಕೆ ಇಲ್ಲದಿದ್ದರೆ ದುಡ್ಡು ಇರುವವರು ಮಾತ್ರ ಚುನಾವಣೆಗೆ ನಿಲ್ಲುತ್ತಾರೆ.

ಹೋದ ಸಲ ನಮ್ಮಲ್ಲಿ ಟಿಕೆಟ್ ಸಿಕ್ಕಿದ್ದು ಹೊರಗಿನಿಂದ ಬಂದವರಿಗೆ. ನಮ್ಮ ಮೇಲೆ ಹಿಂದೆ ಪೊಲೀಸ್ ಕೇಸು ಹಾಕಿಸಿದವರು ಅವರ ಕಡೆಯವರೇ. ಅವರಿಗಾಗಿ ಮನೆ ಮನೆಗೆ ಹೋಗಿ 'ಇವರು ಒಳ್ಳೆಯವರು' ಅಂತ ಹೇಳಬೇಕಾಯಿತು. ಒಂದು ಮನೆಯಲ್ಲಿ ಒಬ್ಬ ಅಜ್ಜಿ 'ಹೋದ ಸಲ ನೀನೇ ಬಂದು ಇವನು ಕಳ್ಳ ಅಂದಿದ್ದೆಯಲ್ಲ ಮಗ' ಅಂತ ಕೇಳಿದರು. ನಾನು ತಲೆ ತಗ್ಗಿಸಿ ಹೊರಗೆ ಬಂದೆ. ನಾನು ಮನಸ್ಸಿನಲ್ಲಿ ಇನ್ನೂ ಪಕ್ಷದಲ್ಲೇ ಇದ್ದೇನೆ. ಆದರೆ ಆ ಅಜ್ಜಿ ಮನೆಗೆ ಮತ್ತೆ ಹೋಗಿಲ್ಲ.

@ಬಯಲುಸೀಮೆಯವನು, ನಿಮ್ಮ ಅಪ್ಪ ಪರದೆ ಹಿಂದೆ ಅಷ್ಟು ಹೊತ್ತು ಯಾಕೆ ಕೂತರು ಅಂತ ನನಗೆ ಗೊತ್ತು.

ಪುತ್ತೂರಿನವನು

ಕಾರ್ಯಕರ್ತರು ಬೇರೆ ದಾರಿ ಹಿಡಿದದ್ದೂ ಇದೆ. 2023ರಲ್ಲಿ ಪುತ್ತೂರಿನಲ್ಲಿ ಬಿಜೆಪಿ ಕಾರ್ಯಕರ್ತರಲ್ಲಿ ಬಹಳ ಜನ ಬಂಡಾಯವಾಗಿ ಪಕ್ಷೇತರ ನಿಂತ ಅರುಣ್ ಕುಮಾರ್ ಪುತ್ತಿಲ ಅವರ ಹಿಂದೆ ಹೋದರು. ಅವರು ಎರಡನೇ ಸ್ಥಾನಕ್ಕೆ ಬಂದರು, ಬಿಜೆಪಿ ಮೂರನೇ ಸ್ಥಾನಕ್ಕೆ ಹೋಯಿತು, ಕಾಂಗ್ರೆಸ್ ಗೆದ್ದಿತು. ಅವರೆಲ್ಲ ಪಕ್ಷಕ್ಕೆ ದ್ರೋಹ ಮಾಡಿದರು ಅಂತ ಕೆಲವರು ಅಂದರು. ಅವರು ಹೇಳಿದ್ದು, ನಾವು ವಿಚಾರ ಬಿಟ್ಟಿಲ್ಲ, ಟಿಕೆಟ್ ಹಂಚಿದವರ ಮಾತು ಮಾತ್ರ ಬಿಟ್ಟೆವು ಅಂತ.

ಹಾಸನದ ಹೊಸ ಮತದಾರೆ

ಎಲ್ಲರೂ ಅಪ್ಪ, ತಾತ, ಚಿಕ್ಕಪ್ಪ ಅಂತ ಬರೆಯುತ್ತಿದ್ದೀರಿ. ಅಮ್ಮಂದಿರು ಯಾರಿಗೆ ಹಾಕಿದರು?

ನಮ್ಮ ಮನೆ ಅಂದರೆ ಜೆಡಿಎಸ್‌ನ ತೆನೆ ಹೊತ್ತ ಮಹಿಳೆ ಚಿಹ್ನೆ. ಬೇರೆ ಮಾತೇ ಇಲ್ಲ. 'ನಮ್ಮ ಮನೆಯಲ್ಲಿ ಆರು ಓಟು' ಅಂತ ದೊಡ್ಡಪ್ಪ ಎಲ್ಲರ ಎದುರು ಹೇಳುತ್ತಾರೆ. ಆ ಆರರಲ್ಲಿ ಮೂರು ಹೆಂಗಸರದು. ಯಾರೂ ಯಾವತ್ತೂ ಅವರನ್ನು ಕೇಳಿದ್ದಿಲ್ಲ. 2023ರಲ್ಲಿ ನನ್ನದು ಮೊದಲ ಓಟು. ಹಿಂದಿನ ರಾತ್ರಿ ಅಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು, 'ಒಳಗೆ ಹೋದ ಮೇಲೆ ನೀನೊಬ್ಬಳೇ ಇರುತ್ತೀಯ. ನಾನು ಎಷ್ಟೋ ಸಲ ನನಗೆ ಬೇಕಾದವರಿಗೇ ಹಾಕಿದ್ದೇನೆ.' ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಆರು ಓಟು ಅಂತ ಎಣಿಸಿದ್ದು ಸುಳ್ಳು ಲೆಕ್ಕ.

ಆಮೇಲೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿ ಜೊತೆ ಮೈತ್ರಿ ಮಾಡಿಕೊಂಡಿತು. ನಾಲ್ಕು ವರ್ಷದ ಹಿಂದೆ ಅದು ಕಾಂಗ್ರೆಸ್ ಜೊತೆ ಸರ್ಕಾರ ನಡೆಸಿತ್ತು. ದೊಡ್ಡಪ್ಪನಿಗೆ ಎರಡು ದಿನ ಬೇಸರ, ಮೂರನೇ ದಿನದಿಂದ ಅದನ್ನೇ ಸಮರ್ಥಿಸಿ ಮಾತಾಡಿದರು. ಅಮ್ಮ ಏನೂ ಹೇಳಲಿಲ್ಲ. ಅವರದು ಒಳಗಿನ ತೀರ್ಮಾನ.

ಗೇಣಿದಾರನ ಮೊಮ್ಮಗಳು

ತಂಗಿ, ನಿನ್ನ ಪ್ರಶ್ನೆ ಓದಿ ನಾನು ಸುಮ್ಮನಾದೆ. ನಮ್ಮ ಅಜ್ಜಿ ಯಾರಿಗೆ ಹಾಕುತ್ತಿದ್ದರು ಅಂತ ನಾನು ಯಾವತ್ತೂ ಕೇಳಲಿಲ್ಲ. ಗದ್ದೆಯಲ್ಲಿ ಅಜ್ಜನಷ್ಟೇ ಅವರೂ ದುಡಿದಿದ್ದರು. ಪಹಣಿಯಲ್ಲಿ ಅವರ ಹೆಸರೂ ಇರಲಿಲ್ಲ, ನಾನು ಮೇಲೆ ಬರೆದ ಕಥೆಯಲ್ಲೂ ಇಲ್ಲ.

ಮೇಷ್ಟ್ರು

ಒಂದೇ ಮತದಾರ ಬೇರೆ ಬೇರೆ ಚುನಾವಣೆಯಲ್ಲಿ ಬೇರೆ ಬೇರೆ ಪಕ್ಷಕ್ಕೆ ಹಾಕುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಅದನ್ನು ಕಣ್ಣಾರೆ ಕಂಡೆ. 1984ರ ಡಿಸೆಂಬರ್ ಲೋಕಸಭೆಯಲ್ಲಿ ಕಾಂಗ್ರೆಸ್‌ಗೆ 28ರಲ್ಲಿ 24. ಆಗ ರಾಜ್ಯದಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ. ಜನ ತಮ್ಮ ಪಕ್ಷವನ್ನು ಒಪ್ಪಲಿಲ್ಲ ಅಂತ ಅವರು ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟರು. ಮೂರೇ ತಿಂಗಳು. ಅದೇ ಬೂತು, ಅದೇ ಸಾಲು, ಬೆರಳಿಗೆ ಶಾಯಿ ಹಚ್ಚಿದ್ದೂ ನಾನೇ.

2023ರಲ್ಲಿ ಕಾಂಗ್ರೆಸ್‌ಗೆ 135 ಕೊಟ್ಟು ಮರುವರ್ಷ ಲೋಕಸಭೆಗೆ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9 ಅಂದದ್ದೂ ಅದೇ ಬುದ್ಧಿ. 1985ರ ನಂತರ ಆಳುತ್ತಿದ್ದ ಪಕ್ಷಕ್ಕೆ ಈ ರಾಜ್ಯದ ಜನ ವಿಧಾನಸಭೆಯಲ್ಲಿ ಮತ್ತೆ ಬಹುಮತ ಕೊಟ್ಟಿಲ್ಲ. ಇವರಿಗೆ ನಿಷ್ಠೆ ಇಲ್ಲ ಅಂತ ಹೇಳಬೇಡಿ. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಅಂತ ತೂಗಿ ನೋಡುವ ಜನ ಇವರು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ, ಅಲ್ಲಿ ನೀರು ಬಿಡಿಸುವವರು ಯಾರು ಅಂತ ನೋಡುತ್ತಾರೆ.

ಅಂದಹಾಗೆ, ನಿಮ್ಮ ಚಿಕ್ಕಪ್ಪ 2023ರಲ್ಲಿ ಏನು ಮಾಡಿದರು? ಅವರ ನಾಯಕರೇ ನಿಮ್ಮ ಅಪ್ಪನ ಪಕ್ಷಕ್ಕೆ ಬಂದರಲ್ಲ.

ಬಯಲುಸೀಮೆಯವನು

ಮೇಷ್ಟ್ರೇ, ನೀವು ಕೇಳುವವರೆಗೂ ನಾನು ಆ ಕಡೆ ಯೋಚಿಸಿಯೇ ಇರಲಿಲ್ಲ. ನಿನ್ನೆ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿದೆ. ಚಿಕ್ಕಪ್ಪ ನಾಯಕರ ಹಿಂದೆಯೇ ಬಂದರಂತೆ. ಜೀವನದಲ್ಲಿ ಮೊದಲ ಸಲ ಅಪ್ಪನ ಪಕ್ಷದ ಚಿಹ್ನೆಗೆ ಓಟು ಹಾಕಿದರಂತೆ. ಅಂದರೆ ಇಬ್ಬರು ಅಣ್ಣತಮ್ಮಂದಿರು ಇಷ್ಟು ವರ್ಷದಲ್ಲಿ ಮೊದಲ ಸಲ ಒಂದೇ ಕಡೆ ಹಾಕಿದ್ದಾರೆ. ಇಬ್ಬರಿಗೂ ಗೊತ್ತಿಲ್ಲ.

ಸಂಜೆ ಅಪ್ಪನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಗೇಣಿದಾರರ ಅಜ್ಜನ ಮಾತು ಬಂದಾಗ ತಲೆದೂಗಿದರು. ಪೋಸ್ಟರ್ ಅಂಟಿಸಿದವರ ಮಾತನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಚಿಕ್ಕಪ್ಪನ ವಿಷಯ ಹೇಳಿದೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, 'ಅವನು ಆ ಮನುಷ್ಯನಿಗೆ ಹಾಕಿದ. ನಾನು ಪಕ್ಷಕ್ಕೆ ಹಾಕಿದೆ. ಎರಡೂ ಒಂದೇ ಅಲ್ಲ.'

ನಾನು ಸರಿ ಅಂದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು, 'ಅವನಿಗೂ 80 ಆಗಿದೆಯಾ? ಮನೆಗೇ ಬಂದು ಹಾಕಿಸಿಕೊಂಡರಾ, ಅಥವಾ ಆ ಬಿಸಿಲಲ್ಲಿ ಶಾಲೆವರೆಗೂ ನಡೆದ ಏನು?'

ಚಿಕ್ಕಪ್ಪನಿಗೆ ಆಗ 77. ನಡೆದೇ ಹೋಗಿದ್ದರು ಅಂತ ಹೇಳಿದೆ.